ಗಣಿಯ ನಂತರದ ಊರಿಗಾಂ: ಧಾರ್ಮಿಕ ಸಂಸ್ಥೆಗಳು, ಪರಿಸರ ಮತ್ತು ಲೆಕ್ಕಪುಸ್ತಕ

ಬಂಗಾರಪೇಟೆ ಜಂಕ್ಷನ್ನಿನಿಂದ ಕವಲೊಡೆದು ಮಾರಿಕುಪ್ಪದವರೆಗೆ ಸಾಗುವ ರೈಲುಮಾರ್ಗವನ್ನು 1894ರಲ್ಲಿ ಹಾಕಿದ್ದು ಚಿನ್ನದ ಗಣಿಗಳಿಗಾಗಿ. ಯಂತ್ರ, ಕಲ್ಲಿದ್ದಲು, ಮರಮುಟ್ಟು, ಕೂಲಿಕಾರರು ಎಲ್ಲರೂ ಎಲ್ಲವೂ ಈ ಹಾದಿಯಲ್ಲೇ ಒಳಬಂದರು. ಇಂದು ಅದೇ ಹಾದಿಯಲ್ಲಿ ಪ್ರತಿದಿನ ಮುಂಜಾನೆ ಸಾವಿರಾರು ಜನ ಬೆಂಗಳೂರಿನ ಕೆಲಸಗಳಿಗೆ ಹೊರಟು ರಾತ್ರಿ ಹಿಂತಿರುಗುತ್ತಾರೆ. ಕೋರಮಂಡಲ್ ದಾಟಿ ಊರಿಗಾಂ ನಿಲ್ದಾಣ ಸಮೀಪಿಸುವಾಗ ಕಿಟಕಿಯಿಂದ ಕಾಣುವ ಬೂದುಬಣ್ಣದ, ಮಟ್ಟಸವಾದ ತಲೆಯ ದಿಬ್ಬಗಳು ಹೊಸಬರಿಗೆ ಬೆಟ್ಟಗಳೆಂದೇ ತೋರುತ್ತವೆ. ಅವು ಬೆಟ್ಟಗಳಲ್ಲ. ನೂರಿಪ್ಪತ್ತು ವರ್ಷಗಳ ಕಾಲ ನೆಲದಡಿಯಿಂದ ತೆಗೆದು, ಅರೆದು, ಚಿನ್ನವನ್ನು ಬೇರ್ಪಡಿಸಿ ಬಿಸಾಡಿದ ಕಲ್ಲಿನ ಹಿಟ್ಟು. ಊರಿನವರು ಇವನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ.

ಆ ದಿಬ್ಬಗಳ ನಡುವೆ ಗುಡಿಯ ಗೋಪುರ, ಚರ್ಚಿನ ಶಿಲುಬೆ, ಮಸೀದಿಯ ಮಿನಾರು, ಬೌದ್ಧ ವಿಹಾರ ಇವೆಲ್ಲ ಕಾಣುತ್ತವೆ. ಗಣಿ ಕಂಪನಿಯ ಆಸ್ತಿ ಪಟ್ಟಿಯಲ್ಲಿದ್ದ ಶಾಫ್ಟುಗಳು ನೀರು ತುಂಬಿ ನಿಂತಿವೆ, ಬಂಗಲೆಗಳು ಪಾಳುಬಿದ್ದಿವೆ. ಆ ಪಟ್ಟಿಯ ಹೊರಗೆ, ಕಾರ್ಮಿಕರ ಚಂದಾಹಣದ ಮೇಲೆ ಬೆಳೆದ ಪೂಜಾಸ್ಥಳಗಳಲ್ಲಿ ಮಾತ್ರ ಇಂದಿಗೂ ದಿನನಿತ್ಯದ ವಹಿವಾಟು ನಡೆದಿದೆ. ಊರಿನ ನೀರು, ಗಾಳಿ, ನೆಲಗಳನ್ನು ಸರಿಪಡಿಸುವ ಕೆಲಸದಲ್ಲಿ ಇವುಗಳ ಪಾತ್ರವೇನು ಎಂಬ ಪ್ರಶ್ನೆ ವರ್ತಕ ಸಮುದಾಯಕ್ಕೆ ಹೊರಗಿನದಲ್ಲ. ಈ ಸಂಸ್ಥೆಗಳ ಸಮಿತಿಗಳಲ್ಲಿ ಖಜಾಂಚಿಗಳಾಗಿ ಕುಳಿತಿರುವವರಲ್ಲಿ, ರಸೀದಿ ಪುಸ್ತಕ ಮೊದಲು ತಲುಪುವ ಅಂಗಡಿಗಳಲ್ಲಿ ವರ್ತಕರದೇ ಸಿಂಹಪಾಲು.

ಒಂದೇ ಖಾತೆಯ ಊರು

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿನ ಗಣಿಗಳ ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಬೆಳೆದದ್ದು ಸಂಪೂರ್ಣವಾಗಿ ಕಂಪನಿಯ ಊರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಾಲಾರ್ ನದಿಯ ಬೇತಮಂಗಲ ಜಲಾಶಯದಿಂದ ಕೊಳವೆ ನೀರು ಬಂದಿತು. ಆಸ್ಪತ್ರೆ, ಕಾರ್ಮಿಕರ ಲೈನುಗಳು, ಬೀದಿ ಗುಡಿಸುವವರ ಸಂಬಳ, ಒಳಚರಂಡಿ, ಆಟದ ಮೈದಾನ ಎಲ್ಲವೂ ಗಣಿಯ ಖರ್ಚಿನಲ್ಲೇ ನಡೆದವು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂದು ಒಡೆತನ ಬದಲಾದರೂ ಈ ಪದ್ಧತಿ ಬದಲಾಗಲಿಲ್ಲ. ಒಟ್ಟು ಎಂಟುನೂರು ಟನ್ನುಗಳಷ್ಟು ಚಿನ್ನವನ್ನು ಕೊಟ್ಟು, ಚಾಂಪಿಯನ್ ರೀಫ್ಸ್‌ನಲ್ಲಿ ಮೂರು ಕಿಲೋಮೀಟರಿಗೂ ಮೀರಿದ ಆಳಕ್ಕಿಳಿದ ಮೇಲೆ, 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು.

ಅಂದು ಕೆಲಸ ಕಳೆದುಕೊಂಡವರ ಕಷ್ಟದ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಊರಿನ ನಿರ್ವಹಣೆಯ ಎಲ್ಲ ಬಾಬತ್ತುಗಳೂ ಒಂದೇ ಖಾತೆಯಲ್ಲಿದ್ದುದರಿಂದ, ಆ ಖಾತೆ ಮುಚ್ಚಿದ ದಿನ ಎಲ್ಲವೂ ಒಮ್ಮೆಗೇ ವಾರಸುದಾರರಿಲ್ಲದಂತಾದವು. ಪುರಸಭೆ, ನಗರಸಭೆಗಳು ಕೆಲವನ್ನು ಕ್ರಮೇಣ ವಹಿಸಿಕೊಂಡವು. ದಿಬ್ಬಗಳ ಧೂಳನ್ನು ಯಾರೂ ವಹಿಸಿಕೊಳ್ಳಲಿಲ್ಲ.

ಈ ಧೂಳಿನ ಬಗ್ಗೆ ಇರುವ ತಪ್ಪು ಕಲ್ಪನೆಯೊಂದನ್ನು ಇಲ್ಲಿಯೇ ತಿಳಿಯಾಗಿಸುವುದು ಲೇಸು. ಅದಿರಿನಿಂದ ಚಿನ್ನವನ್ನು ಕರಗಿಸಲು ಬಳಸುತ್ತಿದ್ದ ಸೈನೈಡ್, ಬಿಸಿಲು ಮತ್ತು ಗಾಳಿಗೆ ಬಿದ್ದ ಮೇಲೆ ಕಾಲಕ್ರಮದಲ್ಲಿ ಬಹುಪಾಲು ವಿಘಟನೆಯಾಗುತ್ತದೆ. ವಿಘಟನೆಯಾಗದೆ ಉಳಿಯುವುದು ಸಿಲಿಕಾ ಹಾಗೂ ಅದಿರಿನೊಂದಿಗೆ ಮೇಲೆ ಬಂದ ಭಾರ ಲೋಹಗಳು. ಬಟ್ಟೆ ಒಣಗಲು ಹಾಕಿದ ಹಗ್ಗದ ಮೇಲೆ, ಅಂಗಡಿಯ ಗಾಜಿನ ಕಪಾಟಿನ ಮೇಲೆ, ಬೇಸಿಗೆಯ ಗಾಳಿ ಹೊತ್ತು ತರುವುದು ಈ ನುಣುಪಾದ ಸಿಲಿಕಾ ಹಿಟ್ಟನ್ನೇ. ಗಣಿಯೊಳಗೆ ದುಡಿದವರ ಶ್ವಾಸಕೋಶಗಳಿಗೆ ಸಿಲಿಕೋಸಿಸ್ ತಂದದ್ದು ಕೂಡ ಈ ಸಿಲಿಕಾ ಧೂಳೇ. ಹದಿಮೂರು ದಿಬ್ಬಗಳು ಸಾವಿರ ಎಕರೆಗೂ ಮಿಕ್ಕ ಪ್ರದೇಶದಲ್ಲಿ ಹರಡಿವೆ. ಅವುಗಳಲ್ಲಿರುವ ಹಿಟ್ಟು ಸುಮಾರು 3.3 ಕೋಟಿ ಟನ್ ಎಂದು ಅಂದಾಜು. ಇಷ್ಟನ್ನು ಯಾವ ದೇವಸ್ಥಾನದ ಸಮಿತಿಯೂ, ಯಾವ ಚರ್ಚಿನ ಸಭೆಯೂ ಎತ್ತಿ ಸಾಗಿಸಲಾರದು. ಆದರೆ ಧೂಳಿಗೂ ಜನವಸತಿಗೂ ನಡುವೆ ಹಸಿರು ಪಟ್ಟಿ ಬೆಳೆಸುವುದು, ದಿಬ್ಬದ ಬುಡದಿಂದ ಮಳೆನೀರು ಹರಿಯುವ ಕಾಲುವೆ ಕೆರೆಗೆ ಸೇರದಂತೆ ಕಾವಲಿರುವುದು, ಕುಡಿಯುವ ನೀರನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸುವುದು ಇವು ಸ್ಥಳೀಯ ಸಂಸ್ಥೆಗಳ ಅಳವಿನೊಳಗಿನ ಕೆಲಸಗಳು. ಇವುಗಳಿಗೆ ಬೇಕಾದುದು ದೊಡ್ಡ ಬಂಡವಾಳಕ್ಕಿಂತ ಹೆಚ್ಚಾಗಿ ವರ್ಷ ವರ್ಷವೂ ತಪ್ಪದ ಸಣ್ಣ ಖರ್ಚು.

ಚಂದಾಹಣದ ಪರಂಪರೆ

ಅಂಥ ತಪ್ಪದ ಸಣ್ಣ ಖರ್ಚಿನ ಅಭ್ಯಾಸ ಈ ಊರಿಗೆ ಹೊಸತಲ್ಲ. ಪಂಡಿತ ಅಯೋತಿ ದಾಸರು 1898ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಶಾಕ್ಯ ಬೌದ್ಧ ಸಂಘದ ಅತ್ಯಂತ ಚುರುಕಾದ ಶಾಖೆಗಳಲ್ಲಿ ಮಾರಿಕುಪ್ಪ ಮತ್ತು ಚಾಂಪಿಯನ್ ರೀಫ್ಸ್ ಶಾಖೆಗಳು ಸೇರಿದ್ದವು. ಉತ್ತರ ಆರ್ಕಾಟಿನ ಕಡೆಯಿಂದ ವಲಸೆ ಬಂದ, ಜಾತಿಯ ಕಾರಣದಿಂದ ಊರಾಚೆ ನಿಲ್ಲಿಸಲ್ಪಟ್ಟಿದ್ದ ಗಣಿ ಕಾರ್ಮಿಕರು ತಮ್ಮ ಕೂಲಿಯಲ್ಲಿ ಉಳಿಸಿದ ಹಣದಿಂದ ಈ ಶಾಖೆಗಳನ್ನು ನಡೆಸಿದರು. ಓದುವ ಮನೆ, ಪಾಠಶಾಲೆ, ಉಪನ್ಯಾಸಗಳು ಧರ್ಮದ ಜೊತೆಜೊತೆಗೇ ಬಂದವು. ಅಯೋತಿ ದಾಸರು ಆರಂಭಿಸಿದ ‘ತಮಿಳನ್’ ವಾರಪತ್ರಿಕೆ ಅವರ ನಿಧನಾನಂತರ, 1920ರ ದಶಕದಲ್ಲಿ, ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಇದೇ ಗಣಿ ಪ್ರದೇಶದಿಂದ ಮತ್ತೆ ಹೊರಬಂದಿತು. ಚಾಂಪಿಯನ್ ರೀಫ್ಸ್‌ನ ಸಿದ್ಧಾರ್ಥ ಪ್ರಕಾಶನ ದಾಸರ ಕೃತಿಗಳನ್ನು ಅಚ್ಚು ಹಾಕಿತು. ಸುರಂಗದಲ್ಲಿ ಪಾಳಿ ಮುಗಿಸಿ ಬಂದವರ ಚಂದಾಹಣದಲ್ಲಿ ಮುದ್ರಣಾಲಯವೊಂದು ನಡೆದುದನ್ನು ಇಂದಿನ ಟ್ರಸ್ಟುಗಳು ನೆನೆಯುವುದು ಅಪರೂಪ. ಹೊರಗಿನ ಅನುದಾನ ಅದಕ್ಕೆ ಇರಲಿಲ್ಲ. ಹಾಗಾಗಿ ಲೆಕ್ಕ ಕೇಳುವವರು ಹಣ ಕೊಟ್ಟವರೇ ಆಗಿದ್ದರು, ಮತ್ತು ಅವರು ಪಕ್ಕದ ಲೈನಿನಲ್ಲೇ ವಾಸವಾಗಿದ್ದರು.

ಕ್ರೈಸ್ತ ಸಂಸ್ಥೆಗಳ ಮಾರ್ಗ ಬೇರೆ. ಚಾಂಪಿಯನ್ ರೀಫ್ಸ್‌ನ ಅವರ್ ಲೇಡಿ ಆಫ್ ವಿಕ್ಟರೀಸ್ ಚರ್ಚಿನ ಆಸುಪಾಸಿನಲ್ಲಿ ಶಾಲೆಗಳು ಬೆಳೆದವು. ಅಲ್ಲಿನ ಸೇಂಟ್ ಜೋಸೆಫ್ಸ್ ಕಾನ್ವೆಂಟಿನಲ್ಲಿ ಕಲಿತವರು ಇಂದು ಹಲವು ದೇಶಗಳಲ್ಲಿದ್ದಾರೆ. ಜಿಲ್ಲಾ ಕೇಂದ್ರವಾದ ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ 1910ರಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. ರಾಬರ್ಟ್‌ಸನ್‌ಪೇಟೆಯ ಜೈನ ವರ್ತಕ ಸಮಾಜದ ಆಸರೆಯಲ್ಲಿ ಮುಂದೆ ಭಗವಾನ್ ಮಹಾವೀರ ಜೈನ್ ಕಾಲೇಜು ಬಂದಿತು. ಶಿಕ್ಷಣ ಮತ್ತು ಆರೋಗ್ಯ, ಈ ಎರಡು ಕ್ಷೇತ್ರಗಳಲ್ಲಿ ಧಾರ್ಮಿಕ ಸಂಸ್ಥೆಗಳ ಕೊಡುಗೆ ವಿವಾದಾತೀತ. ಪರಿಸರದ ಕ್ಷೇತ್ರದಲ್ಲಿ ಹಾಗೆ ಹೇಳಲಾಗದು. ಶಾಲೆಯಲ್ಲಿ ಶುಲ್ಕವಿದೆ, ಆಸ್ಪತ್ರೆಯಲ್ಲಿ ಬಿಲ್ಲಿದೆ. ಕೆರೆಗೆ, ಗಾಳಿಗೆ ಬಿಲ್ಲು ಕಳುಹಿಸುವ ವಿಳಾಸವಿಲ್ಲ. ಅಲ್ಲಿ ಖರ್ಚು ಮಾತ್ರ ಇದೆ. ಮೂಲ ಸಮಸ್ಯೆ ಇರುವುದು ಇಲ್ಲಿ.

ಕೋಲಾರ ಸೀಮೆಯ ಹಿಂದಿನವರು ಇದಕ್ಕೆ ಪರಿಹಾರ ಕಂಡುಕೊಂಡಿದ್ದರು ಎಂಬುದು ಸ್ವಾರಸ್ಯಕರ. ಬೇತಮಂಗಲದ ಪ್ರಾಚೀನ ಹೆಸರು ವಿಜಯಾದಿತ್ಯಮಂಗಲ. ಬಾಣ ಅರಸನ ಹೆಸರಿನ ಊರು. ಒಡೆದುಹೋದ ಅಲ್ಲಿನ ಕೆರೆಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರ ಕಾಲದಲ್ಲಿ ಮತ್ತೆ ಕಟ್ಟಿಸಿದ ವಿಷಯ ಶಾಸನದಲ್ಲಿದೆ. ಬಿ.ಎಲ್. ರೈಸ್ ಅವರು ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿ ಹಾಕಿದರೆ ಕೆರೆ ಕಟ್ಟಿಸಿದ ಪುಣ್ಯದ ಮಾತಿನೊಂದಿಗೆ ಅದರ ನಿರ್ವಹಣೆಗೆ ಬಿಟ್ಟ ಜಮೀನಿನ ವಿವರವೂ ಸಿಗುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರಿನ ಈ ಭೂಮಿಯ ಉತ್ಪನ್ನ ಏರಿಯ ದುರಸ್ತಿಗೆ, ಹೂಳು ತೆಗೆಯುವ ಬಂಡಿಗೆ ಮೀಸಲು. ತೂಬು ತೆರೆದು ಮುಚ್ಚುವ ನೀರಗಂಟಿಗೂ ಪಾಲು ಗೊತ್ತುಪಡಿಸಲಾಗಿತ್ತು. ಇಂದಿನ ಲೆಕ್ಕ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಮೂಲನಿಧಿ. ಅಸಲನ್ನು ಮುಟ್ಟದೆ ಆದಾಯದಿಂದ ಮಾತ್ರ ಖರ್ಚು ಮಾಡುವ ವ್ಯವಸ್ಥೆ. ಪುಣ್ಯವೂ ನಿರ್ವಹಣೆಯೂ ಒಂದೇ ಕಲ್ಲಿನ ಮೇಲೆ ಕೊರೆಯಲ್ಪಟ್ಟಿದ್ದವು. ಈಗಿನ ದಾನದ ಫಲಕಗಳಲ್ಲಿ ಮೊದಲನೆಯದು ಮಾತ್ರ ಉಳಿದಿದೆ.

ಸಮೀಪದ ಮೂರು ಮಾದರಿಗಳು

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆ ಇಂದು ಕೋಲಾರವೂ ಸೇರಿದಂತೆ ರಾಜ್ಯದಾದ್ಯಂತ ವಿಸ್ತರಿಸಿದೆ. ಸ್ವಸಹಾಯ ಸಂಘ ಮತ್ತು ಸಾಲ ವಿತರಣೆಯಿಂದ ಅದು ಜನರಿಗೆ ಪರಿಚಿತವಾಗಿದ್ದರೂ, 2016ರಲ್ಲಿ ಕೈಗೊಂಡ ‘ನಮ್ಮ ಊರು ನಮ್ಮ ಕೆರೆ’ ಕಾರ್ಯಕ್ರಮ ಇಲ್ಲಿನ ವಿಷಯಕ್ಕೆ ಹೆಚ್ಚು ಪ್ರಸ್ತುತ. ಅದರ ಕ್ರಮ ಸರಳ. ಮೊದಲು ಊರಿನವರದೇ ಕೆರೆ ಸಮಿತಿ. ಹೂಳೆತ್ತುವ ಯಂತ್ರದ ವೆಚ್ಚ ಯೋಜನೆಯ ಕಡೆಯಿಂದ. ಎತ್ತಿದ ಹೂಳನ್ನು ರೈತರು ತಮ್ಮ ಟ್ರ್ಯಾಕ್ಟರುಗಳಲ್ಲಿ ತಮ್ಮ ಖರ್ಚಿನಲ್ಲೇ ಹೊಲಗಳಿಗೆ ಸಾಗಿಸಬೇಕು. ಗೊಬ್ಬರದ ಗುಣವುಳ್ಳ ಹೂಳು ರೈತನಿಗೆ ಲಾಭ, ಸಾಗಾಣಿಕೆ ವೆಚ್ಚ ಯೋಜನೆಗೆ ಉಳಿತಾಯ. ಸರ್ಕಾರಿ ಗುತ್ತಿಗೆಯಲ್ಲಿ ‘ಹೂಳು ಸಾಗಾಣಿಕೆ’ ಎಂಬ ಬಾಬತ್ತು ಬಿಲ್ಲನ್ನು ಎಷ್ಟು ಉಬ್ಬಿಸಬಲ್ಲದು ಎಂಬುದನ್ನು ಬಲ್ಲವರಿಗೆ ಈ ಏರ್ಪಾಟಿನ ಬೆಲೆ ಬೇಗ ತಿಳಿಯುತ್ತದೆ. ಭಾರತೀಯ ಜೈನ್ ಸಂಘಟನೆಯು 2018ರಲ್ಲಿ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಯಂತ್ರಗಳನ್ನೊದಗಿಸಿ ಇದೇ ಬಗೆಯ ಕೆಲಸವನ್ನು ಜಿಲ್ಲೆಯಾದ್ಯಂತ ನಡೆಸಿತು.

ಎರಡನೆಯ ಉದಾಹರಣೆ ಬಾಗೇಪಲ್ಲಿಯದು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಗುವವರೆಗೆ ಇದು ಕೋಲಾರ ಜಿಲ್ಲೆಯ ತಾಲ್ಲೂಕೇ ಆಗಿತ್ತು. ಅಲ್ಲಿನ ಕೂಲಿ ಸಂಘಗಳೊಂದಿಗೆ 1977ರಿಂದ ದುಡಿಯುತ್ತಿರುವ ‘ಅಡಾಟ್ಸ್’ ಸಂಸ್ಥೆ ಸ್ವತಃ ಧಾರ್ಮಿಕವಲ್ಲ. ಆದರೆ ಅದಕ್ಕೆ ಬೆನ್ನೆಲುಬಾಗಿ ನಿಂತ ದಾನಿಗಳಲ್ಲಿ ಹಾಲೆಂಡಿನ ಚರ್ಚುಗಳ ‘ಇಕ್ಕೋ’ ಸಂಸ್ಥೆ ಮತ್ತು ಜರ್ಮನಿಯ ಪ್ರೊಟೆಸ್ಟೆಂಟ್ ಅಭಿವೃದ್ಧಿ ಸಂಸ್ಥೆ ಪ್ರಮುಖವಾದವು. 5,500 ಮನೆಗಳಿಗೆ ತಲಾ ಎರಡು ಘನಮೀಟರಿನ ಗೋಬರ್ ಅನಿಲ ಘಟಕಗಳನ್ನು ಕಟ್ಟುವ ಅದರ ಯೋಜನೆ 2005ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸ್ವಚ್ಛ ಅಭಿವೃದ್ಧಿ ವ್ಯವಸ್ಥೆಯಡಿ ನೋಂದಣಿಯಾಯಿತು. ಸೌದೆಯ ಹೊಗೆ ತಪ್ಪಿದ ಅಡುಗೆಮನೆಯೇ ಅಂಗಾರ ಪತ್ರದ ಮೂಲಕ ಆದಾಯದ ಬಾಬತ್ತೂ ಆಯಿತು. ಈ ಆದಾಯ ಬರಬೇಕಾದರೆ ಪ್ರತಿ ಘಟಕ ಉರಿಯಿತೇ, ಇಲ್ಲವೇ ಎಂಬ ದಾಖಲೆ ಇಡಲೇಬೇಕು. ಹೊರಗಿನ ಪರಿಶೋಧಕರು ಬಂದು ನೋಡಿಯೇ ಪ್ರಮಾಣೀಕರಿಸಬೇಕು. ಭಕ್ತಿಯಿಂದ ಬಂದ ಹಣ ಹೀಗೆ ಅತ್ಯಂತ ಕಟ್ಟುನಿಟ್ಟಾದ ಲೆಕ್ಕಪರಿಶೋಧನೆಯ ಶಿಸ್ತಿಗೆ ಒಳಪಟ್ಟಿತು.

ಮೂರನೆಯದು ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ್ದು, ಮತ್ತು ಅದು ಧಾರ್ಮಿಕ ಸಂಸ್ಥೆಯದಲ್ಲ. 1968ರಲ್ಲಿ ಸ್ಥಾಪಿತವಾದ ಮೈರಾಡ ಸಂಸ್ಥೆ ಅಲ್ಲಿ ಉಳಿತಾಯ ಗುಂಪುಗಳ ಮೂಲಕ ಜಲಾನಯನದ ಕೆಲಸವನ್ನು ಹಲವು ವರ್ಷ ನಡೆಸಿತು. ದೇವರ ಹೆಸರಿಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ ಈ ಉಲ್ಲೇಖ. ಆದ್ದರಿಂದ ಧಾರ್ಮಿಕ ಸಂಸ್ಥೆಗಳ ವಿಶೇಷ ಅನುಕೂಲ ಯಾವುದು ಎಂಬುದನ್ನು ನಿಖರವಾಗಿ ಗುರುತಿಸಬೇಕು. ಯೋಜನೆಯ ಅವಧಿ ಮುಗಿದಾಗ ಸ್ವಯಂಸೇವಾ ಸಂಸ್ಥೆ ಮುಂದಿನ ತಾಲ್ಲೂಕಿಗೆ ಹೋಗುತ್ತದೆ, ಅಧಿಕಾರಿಗೆ ವರ್ಗವಾಗುತ್ತದೆ, ಕಂಪನಿ ಗಣಿ ಮುಚ್ಚುತ್ತದೆ. ಗುಡಿ, ಚರ್ಚು, ಮಸೀದಿಗಳು ಮಾತ್ರ ಇದ್ದಲ್ಲೇ ಇರುತ್ತವೆ. ವರ್ಷಕ್ಕೊಮ್ಮೆ ಹಬ್ಬ, ಜಾತ್ರೆ, ಉರುಸು ಬಂದೇ ಬರುತ್ತದೆ; ಜನ ಸೇರಿಯೇ ಸೇರುತ್ತಾರೆ. ಈ ತಪ್ಪದ ವಾರ್ಷಿಕ ಕ್ರಮವೇ ಕೆರೆ ಮತ್ತು ಗಿಡಗಳಿಗೆ ಬೇಕಾದುದು.

ವಿಶ್ವಮಟ್ಟದಲ್ಲಿ ಈ ವಿಚಾರಕ್ಕೆ ಮನ್ನಣೆ ದೊರೆತಿದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಪರಿಸರವನ್ನೇ ವಿಷಯವಾಗಿಟ್ಟು ಪರಿಪತ್ರ ಹೊರಡಿಸಿದರು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಧಾರ್ಮಿಕ ಸಂಸ್ಥೆಗಳಿಗಾಗಿಯೇ ಪ್ರತ್ಯೇಕ ಉಪಕ್ರಮವನ್ನು ಆರಂಭಿಸಿತು. ಇವು ಘೋಷಣೆಗಳು, ರಾಬರ್ಟ್‌ಸನ್‌ಪೇಟೆಯ ಚರಂಡಿಗೆ ಇವುಗಳಿಂದ ನೇರ ಪ್ರಯೋಜನವಿಲ್ಲ.

ಸಸಿಯ ಖರ್ಚು, ಮರದ ಖರ್ಚು

ಜೂನ್ 5 ಬಂತೆಂದರೆ ಸಸಿ ನೆಡುವ ಸಮಾರಂಭಗಳಿಗೆ ಕೊರತೆಯಿಲ್ಲ. ಶಾಮಿಯಾನ, ಹಾರ, ಫಲಕ ಇವುಗಳ ಖರ್ಚು ಸಸಿಗಳ ಖರ್ಚನ್ನು ಮೀರುವುದೂ ಉಂಟು. ಒಂದು ಉದಾಹರಣೆ ಲೆಕ್ಕವನ್ನು ನೋಡಬಹುದು. ಅಂಕಿಗಳು ಊಹೆಯವು, ಲೆಕ್ಕದ ಕ್ರಮ ಮಾತ್ರ ಮುಖ್ಯ.

ದಿಬ್ಬದ ಅಂಚಿನಲ್ಲಿ ಹೊಂಗೆ, ಬೇವು, ಹುಣಸೆಯ 500 ಸಸಿಗಳನ್ನು ಒಂದು ಸಮಿತಿ ನೆಡಿಸುತ್ತದೆ ಎಂದಿಟ್ಟುಕೊಳ್ಳೋಣ. ಗುಂಡಿ, ಕೆಮ್ಮಣ್ಣು, ಗೊಬ್ಬರ, ಸಸಿ ಸೇರಿ ತಲಾ 100 ರೂ.ಗಳಂತೆ 50,000 ರೂ. ಬೇಸಿಗೆಯ ನಾಲ್ಕು ತಿಂಗಳಲ್ಲಿ ಹದಿನೇಳು ವಾರ. ವಾರಕ್ಕೆ ಗಿಡವೊಂದಕ್ಕೆ 20 ಲೀಟರ್ ನೀರೆಂದರೆ 5,000 ಲೀಟರಿನ ಎರಡು ಟ್ಯಾಂಕರ್. ಟ್ಯಾಂಕರಿಗೆ 600 ರೂ. ಹಿಡಿದರೆ ಒಂದು ಬೇಸಿಗೆಗೆ 20,400 ರೂ., ಮೂರು ಬೇಸಿಗೆಗೆ 61,200 ರೂ. ಮೇಕೆ ಕಾಯಲು ತಿಂಗಳಿಗೆ 3,000 ರೂ.ಗಳ ಅರೆಕಾಲಿಕ ಕಾವಲುಗಾರ. ಮೂರು ವರ್ಷಕ್ಕೆ 1,08,000 ರೂ. ನಿರ್ವಹಣೆಯ ಮೊತ್ತ 1,69,200 ರೂ., ಅಂದರೆ ನೆಟ್ಟ ಖರ್ಚಿನ ಮೂರು ಪಟ್ಟಿಗೂ ಹೆಚ್ಚು. ಒಟ್ಟು 2,19,200 ರೂ.ಗಳಲ್ಲಿ 400 ಮರ ಉಳಿದರೆ ಮರವೊಂದಕ್ಕೆ 548 ರೂ.; 100 ಉಳಿದರೆ 2,192 ರೂ. ಬಹುತೇಕ ಸಮಿತಿಗಳ ವಾರ್ಷಿಕ ವರದಿಯಲ್ಲಿ ಬರುವುದು ಮೊದಲಿನ 50,000 ಮಾತ್ರ. ಬದುಕುಳಿದ ಮರಗಳ ಸಂಖ್ಯೆಗೆ ಒಂದು ಸಾಲನ್ನೂ ಬಿಟ್ಟಿರುವುದಿಲ್ಲ.

ದಿಬ್ಬದ ಹಿಟ್ಟಿನಲ್ಲಿ ನೇರವಾಗಿ ಸಸಿ ನೆಟ್ಟರೆ ಬೇರೂರುವುದು ಕಷ್ಟ; ಅದರಲ್ಲಿ ಸಾವಯವ ಅಂಶವೂ ಇಲ್ಲ, ನೀರು ಹಿಡಿಯುವ ಗುಣವೂ ಕಡಿಮೆ. ಹೊರಗಿನಿಂದ ಮಣ್ಣು ತರಬೇಕು. ಕೆರೆಯ ಹೂಳು ಅದಕ್ಕೆ ಒಳ್ಳೆಯದು. ಒಂದು ಕಡೆ ಹೂಳು ತುಂಬಿದ ಕೆರೆಗಳು, ಇನ್ನೊಂದು ಕಡೆ ಮಣ್ಣಿಲ್ಲದ ದಿಬ್ಬದಂಚು. ನಡುವೆ ಐದಾರು ಮೈಲಿ. ಟ್ರ್ಯಾಕ್ಟರಿನ ಡೀಸೆಲ್ ವೆಚ್ಚವನ್ನು ಯಾರು ಭರಿಸಬೇಕೆಂಬುದೊಂದೇ ಪ್ರಶ್ನೆ.

ನೀರಿನ ವಿಷಯದಲ್ಲಿ ಜಿಲ್ಲೆಯ ಸ್ಥಿತಿ ಸ್ವಲ್ಪ ಬದಲಾಗಿದೆ. ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. 2021ರ ನವೆಂಬರಿನ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದವು. ಬತ್ತಿದ ಕೆರೆಯ ಅಂಗಳದಲ್ಲಿ ಬೆಳೆದ ಜಾಲಿಯನ್ನು ಮಾತ್ರ ನೋಡಿದ್ದ ಮಕ್ಕಳು ತೆಪ್ಪೋತ್ಸವವನ್ನೂ ನೋಡಿದರು. ನೀರು ಬಂದ ಮೇಲೆ ಅದನ್ನು ಕಾಪಾಡುವ ಹೊಣೆಯೂ ಬರುತ್ತದೆ. ಗೌರಿ ಗಣೇಶ ಹಬ್ಬದ ಮರುದಿನ ಕೆರೆಯ ಮೆಟ್ಟಿಲುಗಳ ಬಳಿ ನಿಂತರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಥರ್ಮೋಕೋಲ್, ಬಣ್ಣಗಳ ರಾಶಿ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟರ್ ವಿಗ್ರಹಗಳನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿಯೇ ನಿಷೇಧಿಸಿದೆ. ಈ ನಿಷೇಧವನ್ನು ಪೊಲೀಸರಿಗಿಂತ ಚೆನ್ನಾಗಿ ಜಾರಿಗೊಳಿಸಬಲ್ಲವರು ಅರ್ಚಕರು. ಮಣ್ಣಿನ ಮೂರ್ತಿಗಲ್ಲದೆ ಪೂಜೆಯಿಲ್ಲವೆಂದು ಅವರು ಹೇಳಿದರೆ ಸಾಕು. ಅಂಥ ಮೂರ್ತಿಗಳನ್ನು ತರಿಸಿ ಮಾರುವವರು ವರ್ತಕರೇ ಎಂಬುದನ್ನೂ ಮರೆಯುವಂತಿಲ್ಲ. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ, ಬಂಗಾರು ತಿರುಪತಿಗೆ ಬರುವ ಯಾತ್ರಿಕರಿಂದ ಹೂವಿನಂಗಡಿಯಿಂದ ಹಿಡಿದು ಆಟೋದವರೆಗೆ ಅನೇಕರ ಜೀವನ ಸಾಗಿದೆ. ಯಾತ್ರಿಕರು ಬಿಟ್ಟುಹೋಗುವ ನೀರಿನ ಬಾಟಲಿಗಳೂ ಅದೇ ವ್ಯಾಪಾರದ ಭಾಗ.

ದಾನ ಕೊಡುವ ಮುನ್ನ

ಕಾನೂನಿನ ಭಾಗ ಒಣವಾದುದು. ಆದರೆ ಸದಸ್ಯರು ಹಣ ಕಳೆದುಕೊಳ್ಳುವುದೂ, ಸಂಸ್ಥೆಗಳು ತೊಂದರೆಗೆ ಸಿಲುಕುವುದೂ ಇಲ್ಲಿಯೇ.

ಪರಿಸರ ಸಂರಕ್ಷಣೆಯನ್ನು ‘ಧರ್ಮಾರ್ಥ ಉದ್ದೇಶ’ದ ವ್ಯಾಖ್ಯೆಯಲ್ಲಿ ಸ್ಪಷ್ಟವಾಗಿ ಸೇರಿಸಿದ್ದು 2009ರ ಹಣಕಾಸು ತಿದ್ದುಪಡಿ. ಆದ್ದರಿಂದ ಕೆರೆ, ಮರ, ಜಲಾನಯನಗಳಿಗೆ ದುಡಿಯುವ ಟ್ರಸ್ಟು ಬಡವರ ಉಪಕಾರವನ್ನೋ ವೈದ್ಯಕೀಯ ನೆರವನ್ನೋ ನೆಪವಾಗಿ ತೋರಿಸಬೇಕಾದ ಅಗತ್ಯವಿಲ್ಲ. ಆದರೆ ದಾನಿಗೆ ತೆರಿಗೆ ಕಡಿತ ದೊರೆಯುವುದು ಟ್ರಸ್ಟಿಗೆ 1961ರ ಕಾಯ್ದೆಯ 80ಜಿ ಕಲಮಿನ ಅನುಮೋದನೆಯಿದ್ದರೆ ಮಾತ್ರ. ಮತ್ತು ಆ ಅನುಮೋದನೆ ಒಂದೇ ಜಾತಿಯ ಅಥವಾ ಒಂದೇ ಧಾರ್ಮಿಕ ಸಮುದಾಯದ ಪ್ರಯೋಜನಕ್ಕಿರುವ ಸಂಸ್ಥೆಗೆ ಸಿಗದು. ಅನುಮೋದಿತ ಸಂಸ್ಥೆಯೂ ತನ್ನ ಆದಾಯದ ಶೇಕಡಾ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಸ್ವರೂಪದ ವೆಚ್ಚಕ್ಕೆ ಬಳಸುವಂತಿಲ್ಲ. ಬಹಳಷ್ಟು ಸಮಿತಿಗಳು ಎಡವುವುದು ಇಲ್ಲಿ: ಜಾತ್ರೆಯ ದೀಪಾಲಂಕಾರವೂ ಕೆರೆಯ ಹೂಳೂ ಒಂದೇ ಪಾಸ್‌ಪುಸ್ತಕದಲ್ಲಿರುತ್ತವೆ. ಪೂಜೆಗೊಂದು, ಸಮಾಜ ಕಾರ್ಯಕ್ಕೊಂದು ಎಂದು ಎರಡು ಟ್ರಸ್ಟ್ ಪತ್ರ, ಎರಡು ಬ್ಯಾಂಕ್ ಖಾತೆ ಮಾಡಿಕೊಂಡ ಸಂಸ್ಥೆಗಳಿಗೆ ಈ ತೊಡಕಿಲ್ಲ. ಮುಜರಾಯಿ ಇಲಾಖೆಯ ಅಧೀನದ ದೇವಸ್ಥಾನಗಳಿಗಂತೂ 1997ರ ಕಾಯ್ದೆಯ ಕಟ್ಟಳೆಗಳೇ ಬೇರೆ; ಅಲ್ಲಿ ಹುಂಡಿಯ ಹಣವನ್ನು ಸಮಿತಿ ತನಗಿಷ್ಟ ಬಂದಂತೆ ಕೆರೆಗೆ ತಿರುಗಿಸಲಾಗದು.

2,000 ರೂ. ಮೀರಿದ ನಗದು ದಾನಕ್ಕೆ ಕಡಿತವಿಲ್ಲ. 2021–22ರ ಆರ್ಥಿಕ ವರ್ಷದಿಂದ ಸಂಸ್ಥೆಯೇ ದಾನಿಗಳ ವಿವರ ಪಟ್ಟಿಯನ್ನು ಇಲಾಖೆಗೆ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕು; ಬರಿಯ ಅಚ್ಚಿನ ರಸೀದಿ ಸಾಲದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ದಾನದ ಕಡಿತ ದೊರೆಯುವುದೇ ಇಲ್ಲ. ‘80ಜಿ ಇದೆ, ಕೊಡಿ’ ಎಂಬ ಮಾತಿಗೆ ಮರುಳಾಗುವ ಮೊದಲು ಸದಸ್ಯರು ತಾವು ಯಾವ ಪದ್ಧತಿಯಲ್ಲಿದ್ದೇವೆಂದು ನೋಡಿಕೊಳ್ಳಬೇಕು. 2025ರಲ್ಲಿ ಅಂಗೀಕೃತವಾದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ರಸೀದಿ ಪುಸ್ತಕಗಳನ್ನು ಹೊಸದಾಗಿ ಅಚ್ಚು ಹಾಕಿಸುವ ಕೆಲಸವೂ ಇದೆ.

ವಿದೇಶಿ ದೇಣಿಗೆಯ ಬಾಗಿಲು ಕಿರಿದಾಗಿದೆ. 2010ರ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯಂತೆ ಆಡಳಿತ ವೆಚ್ಚಕ್ಕೆ ಶೇಕಡಾ 20ರ ಮಿತಿಯಿದೆ. ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಮತ್ತೊಂದಕ್ಕೆ ವರ್ಗಾಯಿಸುವಂತಿಲ್ಲ. ಹಾಲೆಂಡು, ಜರ್ಮನಿಗಳ ಚರ್ಚುಗಳ ಕಾಣಿಕೆ ದೊಡ್ಡ ಸಂಸ್ಥೆಯೊಂದರ ಮೂಲಕ ಹಳ್ಳಿಯ ಸಣ್ಣ ಸಂಘಕ್ಕೆ ತಲುಪುತ್ತಿದ್ದ ದಾರಿ ಇದರಿಂದ ಮುಚ್ಚಿದಂತಾಯಿತು. ಆ ಜಾಗಕ್ಕೆ ಬಂದಿರುವುದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನಂತೆ 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಇದಕ್ಕೆ ವ್ಯಯಿಸಬೇಕು. ಸಂಘದ ಸದಸ್ಯರಲ್ಲಿ ಹೆಚ್ಚಿನವರು ಈ ಮಿತಿಯೊಳಗೆ ಬಾರದ ಸಣ್ಣ ಉದ್ಯಮಿಗಳು. ಆದರೆ ನರಸಾಪುರ, ವೇಮಗಲ್, ಮಾಲೂರುಗಳ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ, ಪ್ಯಾಕಿಂಗ್, ಸಾಗಾಣಿಕೆ ಒದಗಿಸುವವರು ಇವರೇ. ಅಲ್ಲಿನ ನಿಧಿಯನ್ನು ಊರಿನ ಕೆರೆಗೆ ಕೇಳಬೇಕಾದರೆ, ಕೇಳುವ ಟ್ರಸ್ಟಿಗೆ ಆದಾಯ ತೆರಿಗೆ ನೋಂದಣಿ, 80ಜಿ ಅನುಮೋದನೆ, ಮೂರು ವರ್ಷಗಳ ಕಾರ್ಯಾನುಭವ ಮತ್ತು 2021ರ ಏಪ್ರಿಲಿನಿಂದ ಕಡ್ಡಾಯವಾದ ಕಂಪನಿ ವ್ಯವಹಾರ ಸಚಿವಾಲಯದ ನೋಂದಣಿ ಇರಬೇಕು. ನೂರು ವರ್ಷದ ಹಿರಿಮೆಯುಳ್ಳ ದೇವಾಲಯ ಅಥವಾ ಚರ್ಚಿಗೂ ಈ ಕಾಗದಗಳಿಲ್ಲದಿದ್ದರೆ ಅರ್ಜಿ ಮುಂದೆ ಹೋಗದು. ನಿನ್ನೆ ಮೊನ್ನೆ ಹುಟ್ಟಿ, ಕಾಗದಗಳನ್ನು ಸರಿಯಾಗಿಟ್ಟುಕೊಂಡ ಬೆಂಗಳೂರಿನ ಪ್ರತಿಷ್ಠಾನವೊಂದು ಅದೇ ಹಣವನ್ನು ಪಡೆದು, ಮೂರು ವರ್ಷ ಇದ್ದು, ಹೊರಟುಹೋಗುತ್ತದೆ.

ಇಂಥ ಕಡೆ ವರ್ತಕರ ಪಾತ್ರ ದಾನಕ್ಕಿಂತ ದೊಡ್ಡದು. ಖಜಾಂಚಿಯಾಗಿರುವ ಸದಸ್ಯನೊಬ್ಬ ತನ್ನ ಅಂಗಡಿಯ ಲೆಕ್ಕಕ್ಕೆ ಕೊಡುವ ಗಮನದ ಹತ್ತರಲ್ಲೊಂದು ಪಾಲನ್ನು ಸಮಿತಿಯ ಲೆಕ್ಕಕ್ಕೆ ಕೊಟ್ಟರೆ ಈ ಕಾಗದಗಳು ಒಂದು ವರ್ಷದಲ್ಲಿ ಸಿದ್ಧವಾಗುತ್ತವೆ. ಮೂಲನಿಧಿಯ ಮಾತೂ ಹೀಗೆಯೇ. ಜಾತ್ರೆಯ ಸಂಗ್ರಹದಲ್ಲಿ ಒಂದಂಶವನ್ನು ಕೆಲವು ವರ್ಷ ತೆಗೆದಿರಿಸಿ 5 ಲಕ್ಷ ರೂ. ಕೂಡಿಸಿದರೆ, ಶೇಕಡಾ 6.5ರ ಬಡ್ಡಿಯಲ್ಲಿ ವರ್ಷಕ್ಕೆ 32,500 ರೂ. ಬರುತ್ತದೆ. ಏರಿಯ ಮೇಲಿನ ಗಿಡಗಂಟಿ ಕಡಿಸಲು, ತೂಬಿಗೆ ಎಣ್ಣೆ ಹಾಕಿಸಲು, ವರ್ಷಕ್ಕೆರಡು ಬಾರಿ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಲು ಅದು ಸಾಕಾಗುವ ಮೊತ್ತ. ಕಟ್ಟುಕೊಡಗೆಯ ಜಮೀನಿನ ಜಾಗದಲ್ಲಿ ಬ್ಯಾಂಕಿನ ಠೇವಣಿ ಬಂದಿತೆಂದಷ್ಟೇ ವ್ಯತ್ಯಾಸ.

ಈ ನಡುವೆ ದಿಬ್ಬಗಳ ಭವಿಷ್ಯವೂ ಮತ್ತೆ ಚರ್ಚೆಗೆ ಬಂದಿದೆ. ಹದಿಮೂರು ದಿಬ್ಬಗಳ ಹಿಟ್ಟಿನಲ್ಲಿ ಇನ್ನೂ ಸುಮಾರು 23 ಟನ್ ಚಿನ್ನವಿದೆ ಎಂಬ ಅಂದಾಜಿನ ಮೇಲೆ ಅವುಗಳ ಮರುಗಣಿಗಾರಿಕೆಗೆ ಅವಕಾಶ ನೀಡಲು ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಹಿಟ್ಟನ್ನು ಮತ್ತೆ ಅಗೆದು, ಮತ್ತೆ ಸಂಸ್ಕರಿಸಿ, ಮತ್ತೆಲ್ಲಿಯೋ ಹಾಕಬೇಕಾಗುತ್ತದೆ. ಅಗೆಯುವಾಗ ಧೂಳೂ ಏಳುತ್ತದೆ. ಗುತ್ತಿಗೆದಾರರು ಬರುವುದಕ್ಕೆ ಮೊದಲು ಪರಿಸರ ಅನುಮತಿಗಾಗಿ ಸಾರ್ವಜನಿಕ ವಿಚಾರಣೆ ನಡೆಯಬೇಕಾದಾಗ, ಊರಿನ ಪರವಾಗಿ ನೀರಿನ, ಧೂಳಿನ, ಮರಗಳ ಹತ್ತು ವರ್ಷಗಳ ದಾಖಲೆಯನ್ನು ಮೇಜಿನ ಮೇಲಿಡಬಲ್ಲ ಸಂಸ್ಥೆ ಯಾವುದು? ಕಂಪನಿಯ ಕಡತಗಳು ಎಂದೋ ಚದುರಿವೆ. ಪೂಜಾಸ್ಥಳಗಳ ರಿಜಿಸ್ಟರುಗಳಲ್ಲಿ ಜನನ, ಮದುವೆ, ಮರಣಗಳ ದಾಖಲೆ ಗಣಿ ಆರಂಭವಾದಾಗಿನಿಂದಲೂ ಇದೆ. ಮುಂದಿನ ಬೇಸಿಗೆಯಿಂದ ಅದೇ ಕಪಾಟಿನಲ್ಲಿ ಇನ್ನೊಂದು ಪುಸ್ತಕವನ್ನಿಡಲು ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ.